ಹೆಸರಿಗೂ ಹನ್ನೆರಡು ವರ್ಷ ಸೂತಕ

ಅಮರಗೋಳದ ಮಾರುಕಟ್ಟೆಯ ಹಿಂದಿನ ಮೂರನೆಯ ಓಣಿಗೆ ಹೋಗಿ ದ್ರಾಕ್ಷಾಯಿಣಿಯ ಮನೆ ಯಾವುದು ಎಂದರೆ ಯಾರಾದರೂ ಕೈಮಾಡಿ ತೋರಿಸುತ್ತಾರೆ. ಅವಳು ಮಾಡುವ ಕೆಲಸ ಯಾವುದು ಎಂದು ಕೇಳಿದಿರೋ, ಮುಗಿಯಿತು, ಬಾಯಿಗೊಂದು ಮಾತು. ಗೋಕುಲ ರಸ್ತೆಯ ಪಂಪ್‌ಸೆಟ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸ ಎನ್ನುವವರ ಮಾತು ಸುಳ್ಳಲ್ಲ, ಹೊಟ್ಟೆಪಾಡು ಅದೇ. ಆದರೆ ಹದಿನೇಳು ದೇಶದ ಮಂದಿ ಅವಳನ್ನು ಬಲ್ಲದ್ದು ಪಂಪ್‌ಸೆಟ್ಟಿನಿಂದಲ್ಲ. ಅದನ್ನು ಒಂದೇ ಮಾತಿನಲ್ಲಿ ಹೇಳಬಲ್ಲವಳು ಅವಳ ತಾಯಿ ಸಾವಕ್ಕ. "ನಮ್ಮ ದ್ರಾಕ್ಷಿ ಫಾರಿನ್ ಮಂದಿಗೆ ಹೆಸರು ಹಂಚತಾಳ್ರಿ" ಎನ್ನುತ್ತಾಳೆ ಉಳ್ಳಾಗಡ್ಡಿ ಹೆಚ್ಚುತ್ತ. ಕೇಳಿದವರು ನಗುತ್ತಾರೆ. ನಗಲಿ ಬಿಡಿ, ಮುದುಕಿ ಹೇಳಿದ್ದು ಅಕ್ಷರಶಃ ಖರೆ.

ಹೆರಾನ್ ಎಂದು ಒಂದು ಪ್ರೋಗ್ರಾಮಿಂಗ್ ಭಾಷೆ. ಯಾವ ಕಂಪನಿಯದೂ ಅಲ್ಲ. ಊರೂರಿನ ಆಸಕ್ತರು ಸೇರಿ ಕಟ್ಟಿ, ಸಂಬಳವಿಲ್ಲದೆ ನೋಡಿಕೊಳ್ಳುವ ಭಾಷೆ. ಪ್ರೋಗ್ರಾಂ ಬರೆಯುವವರು ತಾರೀಖು ಎಣಿಸುವುದು, ಪಟ್ಟಿ ಜೋಡಿಸುವುದು, ಕಿಲೋವನ್ನು ಕ್ವಿಂಟಲ್ ಮಾಡುವುದು ಇವನ್ನೆಲ್ಲ ಪ್ರತಿ ಸಲವೂ ತಾವೇ ಬರೆಯುತ್ತ ಕೂತರೆ ಆಯುಷ್ಯ ಸಾಲದು. ಅದಕ್ಕೇ ಬಲ್ಲವರು ಒಮ್ಮೆ ಬರೆದು, ಪರೀಕ್ಷೆ ಮಾಡಿ, ಗಂಟು ಕಟ್ಟಿ ಭಾಷೆಯ ಜೊತೆಗೇ ಇಟ್ಟಿರುತ್ತಾರೆ. ಒಂದೊಂದು ಗಂಟೂ ಒಂದು ಪ್ಯಾಕೇಜು. ಎಲ್ಲ ಗಂಟುಗಳನ್ನು ಇಟ್ಟ ಉಗ್ರಾಣಕ್ಕೆ ಸ್ಟ್ಯಾಂಡರ್ಡ್ ಲೈಬ್ರರಿ ಎನ್ನುತ್ತಾರೆ. ಪ್ರೋಗ್ರಾಮಿನ ತಲೆಯ ಮೇಲೆ ಗಂಟಿನ ಹೆಸರು ಬರೆದರೆ ಸಾಕು, ಗಂಟು ತಾನಾಗಿ ಬರುತ್ತದೆ. ಕರೆದದ್ದೇ ಬರಬೇಕು, ಬೇರೆಯದು ಬರಬಾರದು, ಅಷ್ಟೇ ವಿಷಯ. ನಮ್ಮ ಮಾರುಕಟ್ಟೆಯಲ್ಲಿ ನಿಂತು "ಕಮರುದ್ದೀನ" ಎಂದು ಕೂಗಿ, ನಾಲ್ಕು ತಲೆ ತಿರುಗುತ್ತವೆ. "ಹಗ್ಗದಂಗಡಿ ಕಮರುದ್ದೀನ" ಎನ್ನಿ, ಒಂದೇ ತಿರುಗುತ್ತದೆ. ಯಾವ ಹೆಸರು ಯಾವ ಓಣಿಯ ಯಾವ ಮನೆಗೆ ಸಲ್ಲಬೇಕು ಎಂದು ನೋಡಿಕೊಳ್ಳುವುದಕ್ಕೆ ಅವರ ಕಡೆ ನೇಮ್‌ಸ್ಪೇಸ್ ಕೆಲಸ ಎನ್ನುತ್ತಾರೆ. ದ್ರಾಕ್ಷಾಯಿಣಿ ಮಾಡುವುದು ಅದನ್ನು.

ಅದೇನು ಅವಳು ಬೇಡಿ ಪಡೆದದ್ದಲ್ಲ. ಎಂಟು ವರ್ಷದ ಹಿಂದೆ, ಪಂಪ್‌ಸೆಟ್ಟಿಗೆ ಒಂದು ಪ್ರೋಗ್ರಾಂ ಬರೆಯುವಾಗ, ಉಗ್ರಾಣದ ಎರಡು ಮೂಲೆಯಲ್ಲಿ ತಾರೀಖಿನ ಎರಡು ಗಂಟು ಒಂದೇ ಹೆಸರಿನಲ್ಲಿ ಬಿದ್ದಿರುವುದು ಕಣ್ಣಿಗೆ ಬಿತ್ತು. ಅವಳಿಗೆ ಸಿಟ್ಟು ಬಂತು. ಡಿಪ್ಲೊಮಾ ಕಾಲದ ಪುಸ್ತಕದ ಇಂಗ್ಲಿಷಿನಲ್ಲಿ ನಾಲ್ಕು ಪುಟದ ಪತ್ರ ಬರೆದಳು. ಉತ್ತರ ಒಂದೇ ಸಾಲು: ಹಾಗಾದರೆ ನೀವೇ ಸರಿಮಾಡಿ. ನಮ್ಮಲ್ಲೂ ಇದೇ ನ್ಯಾಯವಲ್ಲವೇ, ಗುಡಿಯ ಅಂಗಳ ಹೊಲಸಾಗಿದೆ ಎಂದು ಬಾಯಿಬಿಟ್ಟವರ ಕೈಗೇ ಕಸಬರಿಗೆ ಬರುತ್ತದೆ. ಎರಡು ವರ್ಷ ಗುಡಿಸಿದಳು. ಆಮೇಲೆ ಸಮಿತಿಯ ಎಂಟು ಮಂದಿ ಸೇರಿ ಹೆಸರುಗಳ ಉಸ್ತುವಾರಿಯನ್ನೇ ಅವಳಿಗೆ ಒಪ್ಪಿಸಿದರು.

ಶನಿವಾರ ಬೆಳಿಗ್ಗೆ ಆರಕ್ಕೆ ಅವಳು ಕೂಡುತ್ತಾಳೆ. ಎಡಗಡೆ ಚಹಾ, ಬಲಗಡೆ ಗೆರೆ ಹಾಕಿದ ಉದ್ದ ನೋಟುಬುಕ್ಕು, ಅದರಲ್ಲಿ ಸಾವಿರದ ನೂರಾ ನಲವತ್ತು ಹೆಸರು ಅವಳದೇ ಅಕ್ಷರದಲ್ಲಿ. ಕಂಪ್ಯೂಟರಿನಲ್ಲಿ ಪಟ್ಟಿ ಇದ್ದೇ ಇದೆ, ಕೈಯಿಂದ ಬರೆದರೆ ಮಾತ್ರ ಹೆಸರು ತಲೆಗೆ ಹತ್ತುತ್ತದೆ ಎನ್ನುವುದು ಅವಳ ಹಟ. ಯಾರಾದರೂ ಹೊಸ ಗಂಟಿಗೆ ಹೆಸರು ಕೇಳಿದರೆ ಅವತ್ತೇ ಕೊಡುವುದಿಲ್ಲ. ಕಡಲೆಯ ಹಾಗೆ ನೆನೆಯಿಡುತ್ತಾಳೆ, ಒಂದು ವಾರ. ಒಮ್ಮೆ ಜರ್ಮನಿಯ ಒಬ್ಬ ದೊಡ್ಡ ಪಂಡಿತ, ಆ ಭಾಷೆಯನ್ನು ಕಟ್ಟಿದವರಲ್ಲೇ ಒಬ್ಬ, ಅಂತರ್ಜಾಲಕ್ಕೆ ಸಂಬಂಧಪಟ್ಟದ್ದಕ್ಕೆಲ್ಲ ಸಲ್ಲುವ ಅಗಲವಾದ ಹೆಸರನ್ನು ತನ್ನ ಒಂದೇ ಗಂಟಿಗೆ ಕೇಳಿದ. ಓಣಿಯ ಹೆಸರನ್ನು ಒಂದು ಮನೆಗೆ ಬರೆದುಕೊಡಲು ಬರುವುದಿಲ್ಲ ಎಂದು ಇವಳು ಬರೆದಳು. ಆತ ಒಂದು ತಿಂಗಳು ಮಾತು ಬಿಟ್ಟ. ನಂತರ ತಾನೇ ಬಂದು ನೀವು ಹೇಳಿದ್ದು ಸರಿ ಎಂದ. ಕಾರ್ಖಾನೆಯಲ್ಲಿ ಮೇಲಿನವರು ಗದರಿದರೆ ತಲೆ ತಗ್ಗಿಸುವ ಹೆಣ್ಣುಮಗಳು ಇವಳೇನಾ ಎಂದು ಬೆರಗಾಗಬೇಕು. ಹೆಸರಿನ ವಿಷಯ ಬಂದರೆ ಅವಳ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅದು ತಂದೆಯಿಂದ ಬಂದದ್ದು. ಬೀರಲಿಂಗಪ್ಪ ಹತ್ತಿಯ ಬೇಲುಗಳ ಮೇಲೆ ಮಾರ್ಕಾ ಹೊಡೆಯುತ್ತಿದ್ದವನು. ದಲಾಲರ ಒಂದೊಂದು ಅಡತಿ ಅಂಗಡಿಗೆ ಒಂದೊಂದು ಗುರುತು: ನಂದಿ, ತಕ್ಕಡಿ, ಜೋಡು ನಕ್ಷತ್ರ. ತಗಡಿನಲ್ಲಿ ಗುರುತು ಕತ್ತರಿಸಿ, ಬೇಲಿನ ಮೇಲಿಟ್ಟು, ಕರಿ ಬಣ್ಣ ಬಳಿಯುವುದು. ಅಂಗಡಿ ಮುಚ್ಚಿತೆನ್ನಿ, ಅದರ ತಗಡನ್ನು ಬೀರಲಿಂಗಪ್ಪ ಬಿಳಿ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟುಬಿಡುತ್ತಿದ್ದ. ಹನ್ನೆರಡು ವರ್ಷ ಆ ಗುರುತು ಇನ್ನೊಬ್ಬರಿಗೆ ಇಲ್ಲ. ಅವನ ಜೊತೆಯವರು ಅದಕ್ಕೆ ಮಾರ್ಕಾದ ಸೂತಕ ಎನ್ನುತ್ತಿದ್ದರು. ಮಗಳು ಸಣ್ಣವಳಿದ್ದಾಗ ಕೇಳಿದ್ದಳು, ಅಂಗಡಿಯೇ ಇಲ್ಲದ ಮೇಲೆ ಗುರುತು ಯಾಕೆ ಬೇರೆಯವರಿಗೆ ಕೊಡಬಾರದು ಎಂದು.

"ಅಂಗಡಿ ಸತ್ರ ಮಾರ್ಕಾ ಸಾಯೂದಿಲ್ಲವ್ವಾ" ಎಂದಿದ್ದ ಬೀರಲಿಂಗಪ್ಪ. "ಆ ಬೇಲು ಇನ್ನೂ ಯಾವುದರ ಗೋದಾಮಿನ್ಯಾಗ ಬಿದ್ದಿರತಾವು. ಬಿಚ್ಚಿದವರು ಮಾರ್ಕಾ ನೋಡಿ ಮನಷ್ಯಾನ್ನ ಹುಡುಕ್ಕೊಂಡು ಬರತಾರ. ಆವಾಗ ಅಲ್ಲಿ ಬ್ಯಾರೆ ಮನಷ್ಯಾ ನಿಂತಿದ್ರ, ಇಬ್ಬರ ಮಾನಾನೂ ಹೋಗತೈತಿ."

ಇದನ್ನು ಕೇಳಿ ಬೆಳೆದವಳೇ ತಪ್ಪಿದಳು ನೋಡಿ. ಹೊಗಳಲು ಕೂತಿದ್ದೇನೆ, ಆದರೆ ಇದನ್ನು ಮುಚ್ಚಿಟ್ಟು ಹೊಗಳಿದರೆ ಅವಳೇ ಒಪ್ಪುವುದಿಲ್ಲ.

ಹೆರಾನಿನ ಉಗ್ರಾಣದಲ್ಲಿ ಯೂನಿಟ್ಸ್ ಎಂಬ ಹಳೆಯ ಗಂಟಿತ್ತು. ತೂಕ, ಅಳತೆಯ ಲೆಕ್ಕ ಅದರದು. ಕಾಲ ಸರಿದು ಅದಕ್ಕಿಂತ ದೊಡ್ಡ ಗಂಟು ಬಂದಿತು, ಯೂನಿಟ್ಸ್‌ಗೆ ನಿವೃತ್ತಿ ಕೊಟ್ಟರು. ಹಳೆಯ ಪ್ರೋಗ್ರಾಮುಗಳು ಕರೆದರೆ ಸಿಗಲಿ ಎಂದು ಅದೇ ಹೆಸರಿನಲ್ಲಿ ಮೂಲೆಯಲ್ಲಿ ಇಟ್ಟಿದ್ದರು. ನಾಲ್ಕು ವರ್ಷ ಯಾರೂ ಅದರ ಸುದ್ದಿ ಎತ್ತಲಿಲ್ಲ. ಆಗ ಪೋರ್ಚುಗಲ್ಲಿನ ತಿಯಾಗೊ ಎಂಬ ತರುಣ ತಾನು ಬರೆದ ಹೊಸ ಗಂಟಿಗೆ ಆ ಚಿಕ್ಕ ಹೆಸರನ್ನು ಕೇಳಿದ. ದ್ರಾಕ್ಷಾಯಿಣಿ ಆಗುವುದಿಲ್ಲ ಎಂದಳು. ಆರು ತಿಂಗಳ ನಂತರ ಮತ್ತೆ ಕೇಳಿದ, ಇನ್ನೂ ವಿನಯದಿಂದ. ಮತ್ತೆ ಇಲ್ಲ ಎಂದಳು. ಮೂರನೆಯ ಸಲ ಬಂದಾಗ ಅವನ ಕೆಲಸ ಅಷ್ಟು ಚೊಕ್ಕಟವಾಗಿತ್ತು, ಮಾತು ಅಷ್ಟು ಮೆತ್ತಗಿತ್ತು, ಸಮಿತಿಯವರೂ ಕೊಟ್ಟುಬಿಡಿ ಎಂದರು.

ದ್ರಾಕ್ಷಾಯಿಣಿಯ ಮನೆಯಲ್ಲಿ ಒಂದು ಪದ್ಧತಿ. ಮೂರು ಸಲ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಸಾವಕ್ಕ ಒಂದು ಹಿಡಿ ಜೋಳವನ್ನಾದರೂ ಹಾಕಿಯೇ ಕಳಿಸುವವಳು. ಅದೇ ದಾಕ್ಷಿಣ್ಯ ಮಗಳ ರಕ್ತದಲ್ಲೂ ಇತ್ತು. ಯಾರು ಇನ್ನೂ ಆ ಹಳೆಯ ಗಂಟನ್ನು ಕರೆಯುತ್ತಾರೆ, ಬಿಡು ಎಂದು ತನಗೆ ತಾನೇ ಹೇಳಿಕೊಂಡು ಹೆಸರು ಕೊಟ್ಟಳು. ಹಳೆಯ ಗಂಟು ಮೂಲೆಯಿಂದಲೂ ಹೋಯಿತು. ನೋಟುಬುಕ್ಕಿನಲ್ಲಿ ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ತಿಯಾಗೊ ಎಂದು ಬರೆದಳು. ಇದಾಗಿ ಎರಡು ವರ್ಷ.

ಈ ವರ್ಷ ಮಾರ್ಚಿನ ಒಂದು ಶುಕ್ರವಾರ ಸಂಜೆ ದ್ಯಾಮಣ್ಣ ಅವಳ ಮನೆಗೆ ಬಂದ. ಗಬ್ಬೂರಿನ ಬೈಪಾಸ್ ಹತ್ತಿರ ಮೆಣಸಿನಕಾಯಿಯ ಗೋದಾಮು ಇಟ್ಟುಕೊಂಡ ವ್ಯಾಪಾರಸ್ಥ, ಮೂರು ತಲೆಮಾರಿನ ಮನೆತನ, ತಂದೆಯ ಕಾಲಕ್ಕೆ ಹತ್ತಿಯ ವ್ಯಾಪಾರ, ಹಣೆಗೆ ವಿಭೂತಿ ಇಲ್ಲದೆ ಹೊರಗೆ ಕಾಲಿಡದವನು. ಕೂತ, ನೀರು ಕುಡಿದ, ಸಾವಕ್ಕನ ಮೊಣಕಾಲಿನ ಯೋಗಕ್ಷೇಮ ಕೇಳಿದ, ಆಮೇಲೆ ವಿಷಯಕ್ಕೆ ಬಂದ.

"ಲಾರಿಗೆ ಅರ್ಧ ಚೀಲ ಕಡಿಮಿ ಬರಾಕತ್ತೈತಿ, ತಂಗಿ. ಮೂರು ತಿಂಗಳಾತು. ಒಳಗ ಬರೂ ತೂಕ ಒಂದು, ಹೊರಗ ಹೋಗೂ ತೂಕ ಇನ್ನೊಂದು. ಒಣಗಿ ಕಡಿಮಿ ಆಗತೈತಿ, ಗೊತ್ತೈತಿ ನನಗ. ಹಂಗ ಒಣಗಿದ್ದು ಒಂದ ಅಳತಿ ಇರೂದಿಲ್ಲ. ಇದು ಪ್ರತಿ ಲಾರಿಗೂ ಅರ್ಧ ಚೀಲ, ಹೇಳಿ ಮಾಡಿಸಿದಂಗ."

"ತೂಕಾ ಯಾರು ಮಾಡತಾರ್ರಿ?"

"ಮೈಲಾರಲಿಂಗಪ್ಪ."

ಸಾವಕ್ಕ ಒಳಗಿನಿಂದ ಬಗ್ಗಿ ನೋಡಿದಳು. ಮೈಲಾರಲಿಂಗಪ್ಪ ಎಂದರೆ ಮೂವತ್ತೊಂದು ವರ್ಷದಿಂದ ತಕ್ಕಡಿಯ ಮುಂದೆ ನಿಂತವನು. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ, ತೂಕದವನೆಂಬ ಗುರುತು. ಚೀಲದ ಕಿವಿ ಹಿಡಿದು ಎತ್ತಿ ಕಾಲು ಕಿಲೋದ ಅಂತರದಲ್ಲಿ ತೂಕ ಹೇಳುತ್ತಾನೆ ಎಂದು ಅವನ ಹೆಸರು. ರೈತರು ಅವನಿದ್ದಾನೆಂದರೆ ಪರದೆಯ ಅಂಕಿ ನೋಡದೆಯೇ ಸಹಿ ಮಾಡುತ್ತಾರೆ.

"ನಾನೂ ನಂಬಿದ್ದೆ" ಎಂದ ದ್ಯಾಮಣ್ಣ. "ತಕ್ಕಡಿ ರಿಪೇರಿ ಮಾಡೂ ಶಾನವಾಜನ್ನ ಕರಿಸಿ ಎರಡೂ ತಕ್ಕಡಿ ತೋರಿಸಿದೆ. ಮುದ್ರಿ ಹೊಡದ ಇಪ್ಪತ್ತು ಕಿಲೋದ ಕಲ್ಲು ಇಟ್ವಿ. ಎರಡೂ ಇಪ್ಪತ್ತ ತೋರಿಸಿದ್ವು. ಮತ್ತ ಯಾರ ಮ್ಯಾಲೆ ಹೇಳೂದು? ಸೋಮವಾರ ತೂಕದವರ ಸಂಘಕ್ಕ ಬರಕೊಡತೇನಿ, ಬಿಲ್ಲೆ ವಾಪಸ್ ತಗೋರಿ ಅಂತ. ಅದಕ್ಕ ಮದಲ ಕಂಪ್ಯೂಟರ್ ಬಲ್ಲಾಕಿ ನೀ ಒಮ್ಮಿ ಬಂದು, ಯಂತ್ರ ಖರೇ ಐತಿ ಅಂತ ನಾಕು ಸಾಲು ಬರದು ಕೊಡು. ನನ್ನ ಮನಸ್ಸಿಗೂ ಸಮಾಧಾನ ಆಗಲಿ."

ಶನಿವಾರ ಅವಳು ನೋಟುಬುಕ್ಕು ತೆರೆಯದೆ ಗಬ್ಬೂರಿಗೆ ಹೋದಳು. ಗೋದಾಮಿನ ಬಾಗಿಲಲ್ಲೇ ಘಾಟಿಗೆ ನಾಲ್ಕು ಸೀನು ಬಂದವು. ಮೈಲಾರಲಿಂಗಪ್ಪ ಹೊರಗೆ ಹೋಗುವ ತಕ್ಕಡಿಯ ಪಕ್ಕ ನಿಂತಿದ್ದ. ಹೆಗಲ ಮೇಲೆ ಯಾವಾಗಲೂ ಇರುತ್ತಿದ್ದ ಟವೆಲ್ಲು ಇರಲಿಲ್ಲ. ಹಮಾಲರಲ್ಲಿ ಒಬ್ಬ ಮೆಲ್ಲಗೆ ಹೇಳಿದ: ಟವೆಲ್ಲಿನಲ್ಲಿ ಏನಾದರೂ ಕಟ್ಟಿಕೊಂಡು ಹೋಗುತ್ತಾನೆ ಎಂದುಕೊಂಡಾರು ಎಂದು ಅವನೇ ಬಿಟ್ಟದ್ದು. ಸಂಜೆ ಮನೆಗೆ ಹೋಗುವಾಗ, ಯಾರೂ ಕೇಳದಿದ್ದರೂ, ಗೇಟಿನಲ್ಲಿ ಊಟದ ಡಬ್ಬಿ ತೆಗೆದು ವಾಚ್‌ಮನ್ನನಿಗೆ ತೋರಿಸುತ್ತಾನಂತೆ. ಅರ್ಧ ಚೀಲ ಮೆಣಸಿನಕಾಯಿ ಊಟದ ಡಬ್ಬಿಯಲ್ಲಿ ಹಿಡಿಯುತ್ತದೆಯೇ? ಹಿಡಿಯುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲವೇ? ದ್ರಾಕ್ಷಾಯಿಣಿಗೆ ಕೇಳಿಯೇ ಕಣ್ಣು ತುಂಬಿದವು, ಘಾಟಿನ ನೆಪವಿತ್ತು, ಸೆರಗಿನಿಂದ ಒರೆಸಿಕೊಂಡಳು.

ಕಲ್ಲು ಇಡುವುದನ್ನು ಅವಳು ಬಿಟ್ಟಳು. ಸುಮ್ಮನೆ ರಾಶಿಯಿಂದ ಒಂದು ಚೀಲ ಎತ್ತಿಸಿ ಒಳಬರುವ ತಕ್ಕಡಿಯ ಮೇಲೆ ಇಡಿಸಿದಳು. ನಲವತ್ತು ಕಿಲೋ ಮುನ್ನೂರು ಗ್ರಾಂ. ಅದೇ ಚೀಲ ಹೊರಹೋಗುವ ತಕ್ಕಡಿಗೆ. ನಲವತ್ತು ಕಿಲೋ ಇನ್ನೂರು. ಇನ್ನೊಂದು ಚೀಲ, ಎರಡರಲ್ಲೂ ಮೂವತ್ತೆಂಟು ಏಳುನೂರು. ಮೂರನೆಯದು, ಮತ್ತೆ ನೂರು ಗ್ರಾಂ ಕಡಿಮೆ. ಇಪ್ಪತ್ತು ಚೀಲ ತೂಗಿಸಿದಳು. ಹನ್ನೊಂದು ಸರಿ, ಒಂಬತ್ತರಲ್ಲಿ ನೂರು ಗ್ರಾಂ ಮಾಯ. ಅಂದರೆ ಒಂದು ತಕ್ಕಡಿ ಚಿಲ್ಲರೆ ಗ್ರಾಮುಗಳನ್ನು ಹತ್ತಿರದ ನೂರಕ್ಕೆ ಸೇರಿಸುತ್ತದೆ, ಇನ್ನೊಂದು ಚಿಲ್ಲರೆಯನ್ನು ಪೂರಾ ಕತ್ತರಿಸಿ ಹಾಕುತ್ತದೆ. ಕಲ್ಲಿಗೆ ಚಿಲ್ಲರೆಯೇ ಇಲ್ಲ, ಅದಕ್ಕೇ ಕಲ್ಲು ಏನೂ ಹೇಳಲಿಲ್ಲ. ಸರಾಸರಿ ಚೀಲಕ್ಕೆ ಐವತ್ತು ಗ್ರಾಂ, ನಾನೂರು ಚೀಲದ ಲಾರಿಗೆ ಇಪ್ಪತ್ತು ಕಿಲೋ. ಅರ್ಧ ಚೀಲ.

ಒಂದೇ ಪ್ರೋಗ್ರಾಂ ಹಾಕಿದ ಎರಡು ತಕ್ಕಡಿ ಬೇರೆ ಬೇರೆ ಹೇಗೆ ತೂಗುತ್ತವೆ? ಅವಳು ದ್ಯಾಮಣ್ಣನನ್ನು ಕೇಳಿದಳು, ಈ ಹೊರಹೋಗುವ ತಕ್ಕಡಿಗೆ ಏನಾದರೂ ಮಾಡಿಸಿದ್ದಿರಾ ಎಂದು. ಡಿಸೆಂಬರಿನಲ್ಲಿ ಕರೆಂಟು ಹೆಚ್ಚುಕಡಿಮೆಯಾಗಿ ಅದರ ಒಳಗಿನ ಪೆಟ್ಟಿಗೆ ಸುಟ್ಟಿತ್ತು, ಶಾನವಾಜ ಹೊಸದಾಗಿ ಪ್ರೋಗ್ರಾಂ ತುಂಬಿಸಿಕೊಟ್ಟಿದ್ದ ಎಂದ. ಅವಳು ಲ್ಯಾಪ್‌ಟಾಪ್ ಜೋಡಿಸಿ ಪ್ರೋಗ್ರಾಮಿನ ತಲೆಯ ಮೇಲೆ ಬರೆದ ಹೆಸರುಗಳನ್ನು ತೆರೆದಳು. ಭಾಷೆ ಹೆರಾನ್. ಮೂರನೆಯ ಹೆಸರು ಯೂನಿಟ್ಸ್.

ಯಾವುದೋ ಕಾಲದಲ್ಲಿ ಯಾರೋ ಹಳೆಯ ಗಂಟನ್ನು ನೆಚ್ಚಿ ಬರೆದ ಪ್ರೋಗ್ರಾಂ. ಡಿಸೆಂಬರಿನಲ್ಲಿ ಹೊಸದಾಗಿ ತುಂಬಿದಾಗ ಅದು ಹಳೆಯ ಗಂಟನ್ನೇ ಹೆಸರು ಹಿಡಿದು ಕರೆದಿದೆ, ಬಂದದ್ದು ಮಾತ್ರ ತಿಯಾಗೊನ ಗಂಟು; ಒಳಬರುವ ತಕ್ಕಡಿಯಲ್ಲಿ ಹಳೆಯದೇ ಉಳಿದಿದೆ. ತೂಕ ಎಂದೂ ಇದ್ದದ್ದಕ್ಕಿಂತ ಹೆಚ್ಚು ತೋರಬಾರದು ಎಂಬುದು ಅವನ ತತ್ವ, ಅದಕ್ಕೆ ಚಿಲ್ಲರೆ ಕತ್ತರಿಸಿದ್ದ. ಅವನ ಲೆಕ್ಕದಲ್ಲಿ ಅದು ತಪ್ಪೂ ಅಲ್ಲ. ಗಂಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಈ ಹೆಸರನ್ನು ವಹಿಸಿಕೊಟ್ಟವರು, ದ್ರಾಕ್ಷಾಯಿಣಿ ಬೀರಲಿಂಗಪ್ಪ, ಹುಬ್ಬಳ್ಳಿ.

ಈಗ ನಾನು ಒಂದು ಮಾತು ಹೇಳುತ್ತೇನೆ, ಅವಳೇ ಆಮೇಲೆ ತಾಯಿಯ ಮುಂದೆ ಒಪ್ಪಿಕೊಂಡದ್ದು. ಹಳೆಯ ಗಂಟಿನ ಪ್ರತಿ ಅವಳ ಲ್ಯಾಪ್‌ಟಾಪಿನಲ್ಲೇ ಇತ್ತು. ಹಾಕಿ ಮುಚ್ಚಲು ಮೂರು ನಿಮಿಷ ಸಾಕು. ಯಂತ್ರದ ದೋಷ, ಸರಿಪಡಿಸಿದ್ದೇನೆ ಎಂದು ಬರೆದುಕೊಟ್ಟರೆ ಮೈಲಾರಲಿಂಗಪ್ಪನ ಬಿಲ್ಲೆ ಉಳಿಯುತ್ತಿತ್ತು, ಅವಳ ಹೆಸರೂ ಉಳಿಯುತ್ತಿತ್ತು. ಆ ಸಣ್ಣ ಅಕ್ಷರದ ಸಾಲನ್ನು ಓದಬಲ್ಲವರು ಗಬ್ಬೂರಿನಲ್ಲಿ ಇನ್ನಾರೂ ಇರಲಿಲ್ಲ. ಹಾಗೆ ಮಾಡಿಬಿಡಲೇ ಎಂದು ಅವಳು ಯೋಚಿಸಿದಳು. ಯೋಚಿಸಿದಳು ಎಂದರೆ ನಿಜವಾಗಿಯೂ ಯೋಚಿಸಿದಳು, ಕೈ ಕೀಲಿಮಣೆಯ ಮೇಲಿತ್ತು.

ಆಮೇಲೆ ಎದ್ದು ದ್ಯಾಮಣ್ಣನನ್ನು ಕರೆದಳು, ಮೈಲಾರಲಿಂಗಪ್ಪನನ್ನೂ ಕರೆದಳು. ಹಮಾಲರು ತಾವಾಗಿ ಸುತ್ತ ನಿಂತರು.

"ತೂಕದಾಗ ಇವರ ಕೈ ಇಲ್ಲರಿ" ಎಂದಳು. "ತಪ್ಪು ನಂದೈತಿ."

ದ್ಯಾಮಣ್ಣ ಅರ್ಥವಾಗದೆ ನೋಡಿದ. "ನಿಂದ ಹೆಂಗವಾ? ನೀ ಇಲ್ಲಿಗೆ ಬಂದದ್ದ ಇವತ್ತು."

ಗಂಟು, ಉಗ್ರಾಣ, ಲೈಬ್ರರಿ ಎಂದು ಅವಳು ಶುರುಮಾಡಿದಳು. ಯಾರಿಗೂ ಹತ್ತಲಿಲ್ಲ. ಕೊನೆಗೆ ತನ್ನ ತಂದೆಯ ಮಾತಿನಲ್ಲೇ ಹೇಳಿದಳು. "ನಮ್ಮ ಕಡೆ ಹೆಸರು ಅಂದ್ರ ಮಾರ್ಕಾ ಇದ್ದಂಗರಿ. ತೂಕದ ಲೆಕ್ಕದ್ದು ಒಂದು ಹಳೇ ಮಾರ್ಕಾ ಇತ್ತು. ಸತ್ತಿತ್ತು. ಐದ ವರ್ಷಕ್ಕ ನಾ ಅದನ್ನ ಬ್ಯಾರೆದವರಿಗೆ ಕೊಟ್ಟೆ. ನಿಮ್ಮ ತಕ್ಕಡಿ ಹಳೇ ಮನಷ್ಯಾನ್ನ ಕರೀತು, ಹೊಸಾಂವ ಬಂದು ನಿಂತ. ಅಂವ ಬ್ಯಾರೆ ಥರಾ ತೂಗತಾನ."

ದ್ಯಾಮಣ್ಣನ ಮುಖದಲ್ಲಿ ಆಗಿನ ತನಕ ಇದ್ದ ಗೊಂದಲ ಹೋಯಿತು. ಹತ್ತಿ ವ್ಯಾಪಾರ ಮಾಡಿದ ಮನೆತನ, ಇದಕ್ಕಿಂತ ಹೆಚ್ಚು ಬಿಡಿಸಿ ಹೇಳುವುದು ಬೇಕಿರಲಿಲ್ಲ.

"ಸೂತಕ ಮುಗಿಯೂಕಿಂತ ಮದಲ ಸತ್ತ ಮಾರ್ಕಾ ಕೊಟ್ಟಿ?" ಎಂದ. "ಬೀರಲಿಂಗಪ್ಪನ ಮಗಳಾಗಿ?"

ಅವಳು ಹೌದು ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಆಮೇಲೆ ಮೈಲಾರಲಿಂಗಪ್ಪನ ಕಡೆ ತಿರುಗಿ ಕೈ ಜೋಡಿಸಿ, "ನಾನೂ ತಪ್ಪಿದೆ, ಮೈಲಾರಪ್ಪಾ" ಎಂದ.

ಮೈಲಾರಲಿಂಗಪ್ಪ ಒಂದು ಚೀಲದ ಮೇಲೆ ಕೂತ. ಆಮೇಲೆ ಅವಳನ್ನು ಕೇಳಿದ: "ಹಂಗಾರ ನಾ ಲೆಕ್ಕ ತಪ್ಪಿರಲಿಲ್ಲೇನು?"

"ಇಲ್ಲ ಕಾಕಾ. ಒಂದು ಚೀಲಾನೂ ತಪ್ಪಿಲ್ಲ."

"ನಾ ತಪ್ಪೇನಿ ಅಂತ ತಿಳಿದಿದ್ದೆ" ಎಂದ. "ಕದ್ದಿಲ್ಲ ಅನ್ನೂದು ಗೊತ್ತಿತ್ತು. ಆದ್ರ ವಯಸ್ಸಾತು, ನಿಂತಲ್ಲೇ ಕಣ್ಣು ಹತ್ತತಿರಬೇಕು, ಎಣಸೂದು ಬಿಡತಿರಬೇಕು ಅಂತ. ಮೂರು ತಿಂಗಳು ಚಹಾ ಕುಡಿಯಾಕೂ ಹೋಗಲಿಲ್ಲ. ಸೋಮವಾರ ಅವರು ಬಿಲ್ಲೆ ಕೇಳೂಕಿಂತ ಮದಲ ನಾನ ತಗದು ಕೊಡೂಣು ಅಂತ ಮಾಡಿದ್ದೆ. ಯಂತ್ರ ಸುಳ್ಳು ಹೇಳತೈತಿ ಅಂತ ನನ್ನ ತಲಿಗೇ ಬರಲಿಲ್ಲ ನೋಡು."

ಹಮಾಲರಲ್ಲಿ ಒಬ್ಬ ಚಹಾ ತಂದುಕೊಟ್ಟ, ಅವನು ಕುಡಿದ. ಕುಡಿದು ಬಟ್ಟಲು ಕೆಳಗಿಡುತ್ತ ಮತ್ತೊಂದು ಪ್ರಶ್ನೆ ಕೇಳಿದ.

"ಈ ಮಾರ್ಕಾ ಇನ್ನೂ ಎಲ್ಲೆಲ್ಲೆ ನಡದೈತವ್ವಾ?"

"ಗೊತ್ತಿಲ್ಲ ಕಾಕಾ. ಹೊರದೇಶದಾಗೂ ಇರಬೇಕು."

"ಅಲ್ಲಿನೂ ನನ್ನಂಥಾವರು ನಿಂತಿರತಾರಲ್ಲ, ತಕ್ಕಡಿ ಮುಂದ" ಎಂದ ಮೈಲಾರಲಿಂಗಪ್ಪ. "ಅವರ ಕಡೆ ಯಾರು ಹೋಗಿ ಹೇಳಬೇಕು?"

ತಕ್ಕಡಿಗೆ ಹಳೆಯ ಗಂಟು ಹಾಕಿಕೊಟ್ಟು, ಮನೆಗೆ ಬಂದು ಎಲ್ಲವನ್ನೂ ತಾಯಿಗೆ ಹೇಳಿದಳು. ಸಾವಕ್ಕ ಸಮಾಧಾನ ಮಾಡುವ ಪೈಕಿಯೇ ಅಲ್ಲ. "ದಾಕ್ಷಿಣ್ಯಕ್ಕ ಬಸರಾದ್ರ ಹಡಿಯಾಕ ಜಾಗಾ ಇಲ್ಲಂತ. ಕೊಟ್ಟಾಕಿ ನೀನ, ತಿರಗಿ ಇಸಕೊಳ್ಳಾಕಿನೂ ನೀನ" ಎಂದಳು. "ಮದಲ ಉಣ್ಣು. ಉಂಡು ಬರಿ."

ಉಂಡು ಕೂತು ಬರೆದಳು. ಮೊದಲು ತಿಯಾಗೊನಿಗೆ, ಗೋದಾಮಿನಲ್ಲಿ ನಡೆದದ್ದನ್ನೆಲ್ಲ ಹೇಳಿ. ನೀವು ತಪ್ಪು ಮಾಡಿಲ್ಲ, ಕೊಡಬಾರದ ಹೆಸರನ್ನು ನಾನು ಕೊಟ್ಟೆ, ವಾಪಸು ಕೇಳುತ್ತಿದ್ದೇನೆ ಎಂದು. ಅವನು ಅದೇ ದಿನ ಹೆಸರು ಬಿಟ್ಟುಕೊಟ್ಟ; ಗೋದಾಮಿನಲ್ಲಿದ್ದ ಆ ಮನುಷ್ಯ ಈಗ ಹೇಗಿದ್ದಾರೆ ಎಂದು ಕೇಳಿದ. ಆಮೇಲೆ ಸಮಿತಿಗೆ ಬರೆದಳು. ಸತ್ತ ಹೆಸರಿಗೆ ಹನ್ನೆರಡು ವರ್ಷ ಸೂತಕ ಎಂಬ ನಿಯಮ ಬೇಕು, ಅದನ್ನು ಮುರಿದ ಮೊದಲನೆಯವಳು ನಾನು, ಉಸ್ತುವಾರಿ ಬೇರೆಯವರಿಗೆ ಕೊಡಿ ಎಂದು. ಸಮಿತಿ ನಿಯಮವನ್ನು ಒಪ್ಪಿತು, ಉಸ್ತುವಾರಿ ಬಿಡುವುದನ್ನು ಒಪ್ಪಲಿಲ್ಲ. ಆಗುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ಬರೆದವನು ಆ ಜರ್ಮನ್ ಪಂಡಿತ.

ಮೂರನೆಯ ಪತ್ರ ದೊಡ್ಡ ಕೆಲಸ. ಆ ಹೆಸರನ್ನು ಕರೆಯುವ ಪ್ರೋಗ್ರಾಮುಗಳನ್ನು ಹುಡುಕಿದರೆ ಇನ್ನೂರಾ ಹದಿನಾಲ್ಕು ಸಿಕ್ಕವು. ಒಂದು ಜಾಹೀರು ಪ್ರಕಟಣೆ ಹಾಕಿದರೆ ಸಾಕು ಎಂದರು ಸಮಿತಿಯವರು. ಹೆಸರು ಕೈ ಬದಲಾದಾಗಲೂ ಪ್ರಕಟಣೆ ಹಾಕಿದ್ದರು, ಓದಿದವರು ಯಾರು? ಓದುವವರು ಇದ್ದಿದ್ದರೆ ಗಬ್ಬೂರಿನಲ್ಲಿ ಹೀಗಾಗುತ್ತಿತ್ತೇ? ಅವಳು ಒಬ್ಬೊಬ್ಬರ ವಿಳಾಸ ಹುಡುಕಿ ಹೆಸರು ಹಿಡಿದು ಬರೆದಳು. ಕಾರ್ಖಾನೆಗೆ ಹೋಗುವ ಮೊದಲು ಹತ್ತು, ಬಂದ ಮೇಲೆ ಹತ್ತು. ಏನು ಕೆಟ್ಟಿದೆ, ಹೇಗೆ ಸರಿಮಾಡಬೇಕು ಎಂಬುದೆಲ್ಲ ಆದ ಮೇಲೆ ಕೊನೆಗೆ ಎರಡು ಸಾಲು: "ನಿಮ್ಮಲ್ಲಿ ತೂಕ ಕಡಿಮೆ ಬಂದದ್ದಕ್ಕೆ ಯಾರನ್ನಾದರೂ ಸಂಶಯಪಟ್ಟಿದ್ದರೆ, ತಪ್ಪು ಅವರದಲ್ಲ, ನನ್ನದು. ದಯವಿಟ್ಟು ಇದನ್ನು ಅವರಿಗೇ ಹೋಗಿ ಹೇಳಿ." ಸಮಿತಿಯ ಒಬ್ಬರು, ತಾಂತ್ರಿಕ ಪತ್ರದಲ್ಲಿ ಆ ಸಾಲುಗಳು ಶೋಭಿಸುವುದಿಲ್ಲ, ತೆಗೆಯಿರಿ ಎಂದರು. ಆ ಎರಡು ಸಾಲಿಗಾಗಿಯೇ ಉಳಿದದ್ದನ್ನು ಬರೆದಿದ್ದೇನೆ ಎಂದು ಉತ್ತರ ಕೊಟ್ಟಳು. ಈ ಒಂದು ಉತ್ತರಕ್ಕಾಗಿ ಅವಳಿಗೆ ಕೈಮುಗಿಯಬೇಕು ಎನಿಸುತ್ತದೆ ನನಗೆ.

ಬಹಳ ಮಂದಿ ಉತ್ತರ ಬರೆಯಲಿಲ್ಲ. ಕೆಲವರು ಸರಿಮಾಡಿಕೊಂಡೆವು, ಧನ್ಯವಾದ ಎಂದರು. ಇಬ್ಬರು ಬೈದರು, ಅದನ್ನೂ ಪೂರಾ ಓದಿದಳು. ಹನ್ನೊಂದನೆಯ ದಿನ ಕೀನ್ಯಾ ದೇಶದ ಒಂದು ಚಹಾ ಕಾರ್ಖಾನೆಯಿಂದ ಪತ್ರ ಬಂತು. ಓದಿದವಳು ತನ್ನ ಕಾರ್ಖಾನೆಗೆ ಅರ್ಧ ದಿನ ರಜೆ ಹೇಳಿ ಬಸ್ಸು ಹತ್ತಿ ಗಬ್ಬೂರಿಗೆ ಹೋದಳು.

ಮೈಲಾರಲಿಂಗಪ್ಪ ಲಾರಿ ತುಂಬಿಸುತ್ತಿದ್ದ. ಎದೆಯ ಮೇಲೆ ಬಿಲ್ಲೆ ಇತ್ತು. ತೂಕ ನಿಲ್ಲಿಸಿ ಬಂದ. ಅವಳು ನಿಂತಲ್ಲೇ ಫೋನು ತೆಗೆದು ಒಂದೊಂದು ಸಾಲನ್ನೂ ಕನ್ನಡ ಮಾಡಿ ಓದಿ ಹೇಳಿದಳು. ತೋಟದಿಂದ ಬಂದ ಎಲೆಯ ತೂಕ ನೋಡುವ ಒಬ್ಬ ಹೆಣ್ಣುಮಗಳನ್ನು ಕಳೆದ ವರ್ಷ ಅಕ್ಟೋಬರಿನಲ್ಲಿ ಕೆಲಸದಿಂದ ತೆಗೆದಿದ್ದೆವು. ಎಲೆ ಕಡಿಮೆ ಬರುತ್ತಿತ್ತು, ಅವಳು ಕದ್ದಿಲ್ಲ ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ನಿಮ್ಮ ಪತ್ರ ಬಂದ ಮೇಲೆ ತಕ್ಕಡಿ ತೆಗೆದು ನೋಡಿದೆವು. ನಾಳೆ ನಾವು ಮೂವರು ಅವಳ ಊರಿಗೆ ಹೋಗುತ್ತಿದ್ದೇವೆ. ಅವಳ ಹೆಸರು ಮರ್ಸಿ ಚೆಬೆಟ್.

ಮೈಲಾರಲಿಂಗಪ್ಪ ಕೇಳಿದ: "ಹೆಸರೇನಂದಿ?"

"ಮರ್ಸಿ ಚೆಬೆಟ್."

ಅವನು ಆ ಹೆಸರನ್ನು ಎರಡು ಸಲ ತಾನೇ ಹೇಳಿ ನೋಡಿದ, ನಾಲಿಗೆಗೆ ಸರಿಯಾಗುವ ತನಕ.

"ಆಕಿಗೆ ಬರಿಯವ್ವಾ" ಎಂದ. "ಹುಬ್ಬಳ್ಳ್ಯಾಗ ಒಬ್ಬಾಂವ ಅದಾನ, ಅವಗೂ ಹಿಂಗ ಆಗಿತ್ತು, ನೀ ಕದ್ದಿಲ್ಲ ಅನ್ನೂದು ಅವಗ ಗೊತ್ತೈತಿ ಅಂತ."

ದ್ರಾಕ್ಷಾಯಿಣಿ ಅಲ್ಲೇ ಒಂದು ಚೀಲದ ಮೇಲೆ ಕೂತು ಬರೆಯತೊಡಗಿದಳು.